ಸಮಾನಾರ್ಥಕಗಳು ಸಮಾನವಲ್ಲ

ನನ್ನ ಬರೆಯುವ ಮೇಜಿನ ಎಡಬದಿಯಲ್ಲಿ ಅಂಗೈ ಅಗಲದ ಒಂದು ಪುಸ್ತಕವಿದೆ. ರಟ್ಟು ಕಳಚಿ ಎರಡು ಬಾರಿ ಅಂಟಿಸಿದ್ದಾಗಿದೆ. ಬೆನ್ನಿನ ಮೇಲಿದ್ದ ಅಕ್ಷರಗಳು ಅಳಿಸಿ ಎಷ್ಟೋ ವರ್ಷಗಳಾದವು. ಅದು ಇಂಗ್ಲಿಷಿನ ಕಿರು ಥೆಸಾರಸ್. ಒಂದು ಪದವನ್ನು ಹುಡುಕಿದರೆ ಅದಕ್ಕೆ ಹತ್ತಿರದ ಹತ್ತು ಹದಿನೈದು ಪದಗಳನ್ನು ಸಾಲಾಗಿ ಮುಂದಿಡುವ ಕೋಶ. ಸರ್ಕಾರಿ ಸೇವೆಗೆ ಸೇರಿದ ಹೊಸದರಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಅದನ್ನು ಕೊಂಡಿದ್ದೆ. ಅಲ್ಲಿಂದ ಮುಂದೆ ತಾಲ್ಲೂಕು ಕಚೇರಿಯಿಂದ ಸಚಿವಾಲಯದವರೆಗೆ ಅದು ನನ್ನ ಜೊತೆಗೇ ಬಂದಿತು. ಅದನ್ನು ಸರಿಯಾಗಿ ಬಳಸಿ ಕಲಿತದ್ದಕ್ಕಿಂತ ತಪ್ಪಾಗಿ ಬಳಸಿ ಕಲಿತದ್ದೇ ಹೆಚ್ಚು ಎಂದು ಈಗ ಅನ್ನಿಸುತ್ತದೆ.

ಆ ತಪ್ಪಿನ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. 1980ರ ದಶಕದಲ್ಲಿ ಉತ್ತರ ಕರ್ನಾಟಕದ ಒಂದು ಒಣಭೂಮಿಯ ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿದ್ದೆ. ಆ ವರ್ಷ ಹಿಂಗಾರಿನ ಜಡಿಮಳೆ ಹಿಡಿದು ಐದಾರು ದಿನ ಬಿಡಲಿಲ್ಲ. ಮಣ್ಣಿನ ಮಾಳಿಗೆಗಳು ನೀರು ಕುಡಿದು ಭಾರವಾದವು. ಆ ಭಾರ ತಾಳಲಾರದೆ ಗೋಡೆಗಳು ಕುಸಿದವು. ತಲಾಠಿಗಳು ಊರೂರಿಗೆ ಹೋಗಿ ಪಂಚನಾಮೆ ಬರೆದು ತಂದರು. ಅವುಗಳನ್ನೆಲ್ಲ ಕ್ರೋಡೀಕರಿಸಿ ಮೇಲಿನ ಕಚೇರಿಗೆ ಇಂಗ್ಲಿಷಿನಲ್ಲಿ ವರದಿ ಕಳುಹಿಸುವ ಕೆಲಸ ನನ್ನದಾಗಿತ್ತು. ತಲಾಠಿಗಳು ‘ಗೋಡೆ ಬಿದ್ದಿದೆ’, ‘ಮನೆ ಕುಸಿದಿದೆ’ ಎಂದಷ್ಟೇ ಬರೆದಿದ್ದರು. ನಾನು ಅದನ್ನು ‘ಕೊಲ್ಯಾಪ್ಸ್ಡ್’ ಎಂದು ಬರೆಯುತ್ತ ಹೋದೆ. ಒಂದೇ ಪುಟದಲ್ಲಿ ಆ ಪದ ಆರು ಬಾರಿ ಬಂದದ್ದು ನನ್ನ ಕಿವಿಗೆ ಒರಟಾಗಿ ಕೇಳಿಸಿತು. ಒಂದೇ ಪದವನ್ನು ಮತ್ತೆ ಮತ್ತೆ ಬಳಸುವುದು ಬಡ ಬರವಣಿಗೆಯ ಲಕ್ಷಣವೆಂದು ಶಾಲೆಯಲ್ಲಿ ಕಲಿತಿದ್ದೆನಷ್ಟೆ. ಕಿರು ಥೆಸಾರಸ್ ತೆರೆದೆ. ಒಂದು ಪದದಿಂದ ಇನ್ನೊಂದಕ್ಕೆ ಹಾಯುತ್ತ ‘ಡಿಲ್ಯಾಪಿಡೇಟೆಡ್’ ಎಂಬಲ್ಲಿಗೆ ಬಂದು ನಿಂತೆ. ಉದ್ದವಾಗಿತ್ತು, ತೂಕವಾಗಿತ್ತು. ಪಟ್ಟಿಯ ಕೊನೆಯಲ್ಲಿದ್ದ ಗ್ರಾಮದ ಹನ್ನೊಂದು ಮನೆಗಳಿಗೆ ಅದನ್ನೇ ಬರೆದು ವರದಿ ಮುಗಿಸಿದೆ.

ಒಂದು ತಿಂಗಳ ನಂತರ ಮೇಲಿನ ಕಚೇರಿಯಿಂದ ಒಂದು ಜ್ಞಾಪನ ಬಂದಿತು. ಸದರಿ ಗ್ರಾಮದ ಹನ್ನೊಂದು ಮನೆಗಳು ಮಳೆಗೆ ಮುನ್ನವೇ ಶಿಥಿಲಾವಸ್ಥೆಯಲ್ಲಿದ್ದವೆಂದು ವರದಿಯಿಂದ ತಿಳಿದುಬರುವುದರಿಂದ, ಅವು ಮಳೆಹಾನಿ ಪರಿಹಾರಕ್ಕೆ ಹೇಗೆ ಅರ್ಹವಾಗುತ್ತವೆ ಎಂಬುದನ್ನು ಸ್ಪಷ್ಟಪಡಿಸಬೇಕು ಎಂಬುದು ಅದರ ಸಾರಾಂಶ. ಆ ಕಡತವನ್ನು ಓದಿದ ಗುಮಾಸ್ತರದು ಎಳ್ಳಷ್ಟೂ ತಪ್ಪಿರಲಿಲ್ಲ. ಆ ಇಂಗ್ಲಿಷ್ ಪದದ ಒಳಗೇ ಕಾಲದ ಸವೆತ, ಮಾಲೀಕನ ಅಲಕ್ಷ್ಯ ಎಂಬ ಅರ್ಥಗಳು ಕುಳಿತಿವೆ. ಅವರು ಪದವನ್ನು ಸರಿಯಾಗಿ ಓದಿದ್ದರು. ಬರೆದ ನಾನು ಅದನ್ನು ತಿಳಿಯದೆ ಬರೆದಿದ್ದೆ. ಸುತ್ತಲಿನ ಗ್ರಾಮಗಳವರಿಗೆಲ್ಲ ಹಣ ಬಂದಿತು. ಈ ಹನ್ನೊಂದು ಮನೆಯವರು ಮರುಪಂಚನಾಮೆ, ಮರುವರದಿ, ಮರುಮಂಜೂರಾತಿಗಳ ದಾರಿ ಕಾಯುತ್ತ ಬೇಸಿಗೆಯವರೆಗೆ ಕುಳಿತರು.

ಮರುಪಂಚನಾಮೆಗೆ ನಾನೇ ಹೋದೆ. ಗುಡಿಯ ಪೌಳಿಯಲ್ಲಿ ಬಿಡಾರ ಮಾಡಿಕೊಂಡಿದ್ದ ಒಬ್ಬ ಮುದುಕಿಗೆ, ನಾನು ಬರೆದ ಮಾತಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾಗಿದೆ, ಅದನ್ನು ಸರಿಪಡಿಸಲು ಬಂದಿದ್ದೇನೆ ಅವ್ವಾ ಎಂದು ಹೇಳಿದೆ. ಆಕೆ ಸಿಟ್ಟಾಗಲಿಲ್ಲ. ನಿಜವಾಗಿಯೂ ಅರ್ಥವಾಗದವಳಂತೆ ಕೇಳಿದಳು: “ಗ್ವಾಡಿ ಬಿದ್ದೈತಿ ಯಪ್ಪಾ. ಬಿದ್ದೈತಿ ಅಂತ ಬರದ್ರ ಆಗತಿತ್ತಲ್ಲ? ಅದಕ್ಯಾಕ ಬ್ಯಾರೆ ಮಾತು ಹುಡುಕಿದ್ರಿ?” ಈ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಹಿರಿಯ ಅಧಿಕಾರಿಯೊಬ್ಬರಿಗೆ ಈ ಪ್ರಸಂಗವನ್ನು ಹೇಳಿಕೊಂಡಾಗ, ಪುಸ್ತಕವನ್ನು ಎಸೆದುಬಿಡಿ ಎನ್ನುತ್ತಾರೆಂದು ನಿರೀಕ್ಷಿಸಿದ್ದೆ. ಅವರು ಹಾಗೆನ್ನಲಿಲ್ಲ. “ಅದನ್ನು ಇಟ್ಟುಕೊಳ್ಳಿ. ಆದರೆ ಅದರಲ್ಲಿ ನಿಮಗೆ ಗೊತ್ತಿಲ್ಲದ ಪದವನ್ನು ಹುಡುಕಬೇಡಿ. ಗೊತ್ತಿದ್ದೂ ಸಮಯಕ್ಕೆ ನೆನಪಿಗೆ ಬಾರದ ಪದವನ್ನು ಹುಡುಕಿ” ಎಂದರು. ಥೆಸಾರಸ್ ಬಳಕೆಯ ಬಗ್ಗೆ ಇದಕ್ಕಿಂತ ಉತ್ತಮವಾದ ನಿಯಮವನ್ನು ನಾನು ಈವರೆಗೆ ಕೇಳಿಲ್ಲ.

ಈ ಬಗೆಯ ಕೋಶವನ್ನು ಇಂಗ್ಲಿಷಿಗೆ ಕೊಟ್ಟ ಪೀಟರ್ ಮಾರ್ಕ್ ರೋಜೆ ಭಾಷಾಪಂಡಿತನಾಗಿರಲಿಲ್ಲ. ಆತ ವೈದ್ಯ. ಲಂಡನ್ನಿನ ರಾಯಲ್ ಸೊಸೈಟಿಗೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಾರ್ಯದರ್ಶಿಯಾಗಿದ್ದವನು. 1779ರಲ್ಲಿ ಹುಟ್ಟಿದ ಆತ 1805ರ ಹೊತ್ತಿಗೆ ತನ್ನ ಸ್ವಂತ ಬರವಣಿಗೆಯ ಅನುಕೂಲಕ್ಕೆಂದು ಪದಗಳ ಒಂದು ಪಟ್ಟಿ ಮಾಡಿಕೊಂಡಿದ್ದ. ಅದನ್ನು ವಿಸ್ತರಿಸಿ ಪ್ರಕಟಿಸಿದ್ದು 1852ರಲ್ಲಿ, ಎಲ್ಲ ಹುದ್ದೆಗಳಿಂದ ನಿವೃತ್ತನಾಗಿ ಎಪ್ಪತ್ತು ದಾಟಿದ ಮೇಲೆ. ನಿವೃತ್ತರಾದ ನಮ್ಮಂಥವರಿಗೆ ಇದೊಂದು ಸಮಾಧಾನದ ಸಂಗತಿ! ಗ್ರೀಕ್ ಮೂಲದ ಥೆಸಾರಸ್ ಎಂಬ ಪದಕ್ಕೆ ಭಂಡಾರ, ಖಜಾನೆ ಎಂದರ್ಥ. ನಿಘಂಟು ನಮ್ಮನ್ನು ಪದದಿಂದ ಅರ್ಥಕ್ಕೆ ಕರೆದೊಯ್ದರೆ ರೋಜೆಯ ಕೋಶ ಅರ್ಥದಿಂದ ಪದಕ್ಕೆ ಕರೆದೊಯ್ಯುತ್ತದೆ. ಅವನ ಮೂಲ ಕೃತಿಯಲ್ಲಿ ಪದಗಳು ಅಕಾರಾದಿಯಾಗಿ ಇರಲಿಲ್ಲ. ಆರು ದೊಡ್ಡ ವರ್ಗಗಳು, ಅವುಗಳಡಿ ಸಾವಿರದಷ್ಟು ಶೀರ್ಷಿಕೆಗಳು. ಒಂದು ಭಾವಕ್ಕೆ ಸಂಬಂಧಿಸಿದ ಪದಗಳೆಲ್ಲ ಒಂದೆಡೆ, ಅದರ ವಿರುದ್ಧ ಭಾವದವು ಪಕ್ಕದಲ್ಲೇ. ಅಂದರೆ ಓದುಗ ಒಂದು ಪದದ ಬದಲಿಗೆ ಇನ್ನೊಂದನ್ನು ಎತ್ತಿಕೊಂಡು ಓಡಲಿ ಎಂಬುದು ಅದರ ಉದ್ದೇಶವಾಗಿರಲಿಲ್ಲ. ಅಕ್ಕಪಕ್ಕದ ಪದಗಳನ್ನು ಹೋಲಿಸಿ, ತೂಗಿ, ತನ್ನ ಮನಸ್ಸಿನಲ್ಲಿರುವುದು ಇವುಗಳಲ್ಲಿ ಯಾವುದು ಎಂದು ಅವನು ನಿರ್ಧರಿಸಲಿ ಎಂಬುದಾಗಿತ್ತು. ಜೇಬಿನಲ್ಲಿ ಹಿಡಿಯುವ ಕಿರು ಆವೃತ್ತಿಗಳು ಬಹುಮಟ್ಟಿಗೆ ಅಕಾರಾದಿ ಕ್ರಮಕ್ಕೆ ತಿರುಗಿದವು. ಹುಡುಕುವುದು ಸುಲಭವಾಯಿತು, ಹೋಲಿಸುವ ಅಭ್ಯಾಸ ಮಾತ್ರ ಹಿಂದೆ ಉಳಿಯಿತು. ನಾನು ಎಡವಿದ್ದೂ ಅಲ್ಲಿಯೇ.

ಅರ್ಥದಿಂದ ಪದಕ್ಕೆ ಹೋಗುವ ದಾರಿ ನಮಗೆ ಹೊಸತೇನಲ್ಲ. ಅಮರಸಿಂಹನ ‘ನಾಮಲಿಂಗಾನುಶಾಸನ’, ನಾವು ಅಮರಕೋಶವೆಂದು ಕರೆಯುವ ಕೃತಿ, ಭೂಮಿ, ಪುರ, ಶೈಲ, ವನೌಷಧಿ ಎಂಬಂತೆ ವರ್ಗಗಳಾಗಿ ಪದಗಳನ್ನು ಜೋಡಿಸುತ್ತದೆ. ನಮ್ಮ ಹಿಂದಿನವರು ಅದನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡುತ್ತಿದ್ದರು. ಅದು ಜೇಬಿನಲ್ಲೂ ಇರಬೇಕಾಗಿರಲಿಲ್ಲ, ನಾಲಿಗೆಯ ಮೇಲೇ ಇತ್ತು. ಕನ್ನಡದಲ್ಲಿಯೂ ರನ್ನನ ಹೆಸರಿನಲ್ಲಿರುವ ‘ರನ್ನಕಂದ’ದಿಂದ ಹಿಡಿದು ಪದ್ಯರೂಪದ ನಿಘಂಟುಗಳ ಒಂದು ಪರಂಪರೆಯೇ ಇದೆ. 16ನೆಯ ಶತಮಾನದ ಲಿಂಗಮಂತ್ರಿ ತನ್ನ ನಿಘಂಟನ್ನು ‘ಕಬ್ಬಿಗರ ಕೈಪಿಡಿ’ ಎಂದು ಕರೆದ. ಕೈಯಲ್ಲಿ ಹಿಡಿದುಕೊಳ್ಳುವ ಪುಸ್ತಕಕ್ಕೆ ಇದಕ್ಕಿಂತ ಚೆಲುವಾದ ಹೆಸರಿಲ್ಲ. ಕಬ್ಬಿಗರಿಗೆ ಕೈಪಿಡಿ ಬೇಕಾಗಿದ್ದಂತೆ ಕಚೇರಿಯವರಿಗೂ ಒಂದು ಕೈಪಿಡಿ ಬೇಕು ಎಂಬುದು ನನ್ನ ವಾದ. ಏಕೆಂದರೆ ಕಬ್ಬಿಗನು ಆರಿಸಿದ ಪದ ತಪ್ಪಿದರೆ ಪದ್ಯ ಕೆಡುತ್ತದೆ. ಅಧಿಕಾರಿ ಆರಿಸಿದ ಪದ ತಪ್ಪಿದರೆ ಒಂದು ಸಂಸಾರ ಗುಡಿಯ ಪೌಳಿಯಲ್ಲಿ ಆರು ತಿಂಗಳು ಮಲಗುತ್ತದೆ.

ಇದು ಉತ್ಪ್ರೇಕ್ಷೆಯಂತೆ ಕಂಡರೆ ‘ಬರ’, ‘ಅಭಾವ’, ‘ಕ್ಷಾಮ’ ಎಂಬ ಮೂರು ಪದಗಳನ್ನು ನೋಡೋಣ. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಇವು ಸಮಾನಾರ್ಥಕಗಳಾಗಿ ಒಂದೇ ಸಾಲಿನಲ್ಲಿ ಸಿಗಬಹುದು. ಆದರೆ ಬರವೆಂದರೆ ಮಳೆ ಬಾರದೆ ನೆಲ ಒಣಗುವುದು. ಅಭಾವವೆಂದರೆ ಬೇಕಾದ ವಸ್ತು ಸಾಲದಿರುವುದು. ಕ್ಷಾಮವೆಂದರೆ ಜನ ಹಸಿವಿನಿಂದ ಸಾಯುವುದು. ಮೊದಲನೆಯದು ನಿಸರ್ಗದ ಸಂಗತಿ, ಎರಡನೆಯದು ಮಾರುಕಟ್ಟೆಯದು, ಮೂರನೆಯದು ಸಮಾಜ ಮತ್ತು ಸರ್ಕಾರದ್ದು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876–78ರಲ್ಲಿ, ಮೈಸೂರು ಸೀಮೆಯಲ್ಲಿ ಈ ಮೂರೂ ಒಂದರ ಹಿಂದೆ ಒಂದು ಬಂದವು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಮಹಾದುರಂತದ ಬಳಿಕ ನೇಮಕವಾದ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರಿಂದ ಹುಟ್ಟಿದ ಕ್ಷಾಮ ಸಂಹಿತೆಗಳು ‘ಅಭಾವ’ ಮತ್ತು ‘ಕ್ಷಾಮ’ಗಳನ್ನು ಬೇರೆಬೇರೆ ಹಂತಗಳಾಗಿ ಗುರುತಿಸಿದವು. ಕ್ಷಾಮವೆಂದು ಘೋಷಿಸಿದ ಕೂಡಲೇ ಪರಿಹಾರ ಕಾಮಗಾರಿಗಳನ್ನು ತೆರೆಯುವ, ದುಡಿಯಲಾರದವರಿಗೆ ಉಚಿತವಾಗಿ ಉಣಿಸುವ ಹೊಣೆ ಸರ್ಕಾರದ ಮೇಲೆ ಬೀಳುತ್ತಿತ್ತು. ಅಂದರೆ ಪದ ಬದಲಾದರೆ ಕರ್ತವ್ಯ ಬದಲಾಗುತ್ತಿತ್ತು.

1943ರಲ್ಲಿ ಬಂಗಾಳದ ಜನ ಬೀದಿಗಳಲ್ಲಿ ಸಾಯುತ್ತಿದ್ದಾಗ ಅಲ್ಲಿನ ಸರ್ಕಾರ ಕ್ಷಾಮ ಸಂಹಿತೆಯಂತೆ ಕ್ಷಾಮವನ್ನು ಘೋಷಿಸಲೇ ಇಲ್ಲ. ಸತ್ತವರು ಸುಮಾರು 15 ಲಕ್ಷವೆಂದು ಆ ಬಳಿಕ ವಿಚಾರಣಾ ಆಯೋಗ ಅಂದಾಜು ಮಾಡಿತು. ಸುಮಾರು 30 ಲಕ್ಷವೆಂಬುದು ಅಮರ್ತ್ಯ ಸೇನ್ ಅವರ ಲೆಕ್ಕ. ಸೇನ್ ಅವರು 1981ರಲ್ಲಿ ಪ್ರಕಟಿಸಿದ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ ಕೃತಿಯ ತಿರುಳನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಹೀಗೆ ಹೇಳುತ್ತೇನೆ: ಅಭಾವವೂ ಕ್ಷಾಮವೂ ಒಂದೇ ಅಲ್ಲ. ಧಾನ್ಯ ಇರುವಾಗಲೂ ಕೊಳ್ಳುವ ಶಕ್ತಿ ಇಲ್ಲದವನು ಸಾಯಬಲ್ಲ. ಎರಡು ಪದಗಳನ್ನು ಒಂದೇ ಎಂದು ಭಾವಿಸಿದ ಆಡಳಿತ ಊರಿನಲ್ಲಿ ಅಕ್ಕಿ ಎಷ್ಟಿದೆ ಎಂದು ಎಣಿಸುತ್ತ ಕುಳಿತಿರುತ್ತದೆ. ಕೂಲಿಯವನ ಕೈಯಲ್ಲಿ ಕಾಸು ಎಷ್ಟಿದೆ ಎಂದು ಕೇಳುವುದಿಲ್ಲ.

ಇನ್ನೊಂದು ತುದಿಯ ಉದಾಹರಣೆ ನಮ್ಮ ನೆರೆಯ ಮಹಾರಾಷ್ಟ್ರದ್ದು. 1963ರಲ್ಲಿ ಆ ರಾಜ್ಯ ತನ್ನ ಕಾನೂನುಗಳಿಂದ ‘ಕ್ಷಾಮ’ ಎಂಬ ಪದವನ್ನು ತೆಗೆದುಹಾಕಲೆಂದೇ ಒಂದು ಅಧಿನಿಯಮವನ್ನು ಮಾಡಿತು. ಅದರ ಸ್ಥಾನಕ್ಕೆ ‘ಅಭಾವ’ ಬಂದಿತು. ರಾಜ್ಯದಲ್ಲಿ ಕ್ಷಾಮ ತಲೆದೋರಲು ಅವಕಾಶವೇ ಉಳಿದಿಲ್ಲ ಎಂಬುದು ಅದರ ಹಿಂದಿನ ವಾದ. ಹತ್ತು ವರ್ಷ ತುಂಬುವ ಮೊದಲೇ, 1970–73ರ ನಡುವೆ, ಭೀಕರ ಬರ ಅಲ್ಲಿಗೆ ಬಂದಿತು. ಆಗ ಲಕ್ಷಾಂತರ ಜನರಿಗೆ ಕೆಲಸ ಕೊಟ್ಟ ಕಾಮಗಾರಿಗಳು ದೊಡ್ಡ ಸಾವುನೋವನ್ನು ತಡೆದವು ಎಂಬುದನ್ನು ಒಪ್ಪಲೇಬೇಕು. ಜೀವ ಉಳಿಸಿದ್ದು ಆ ಕಾಮಗಾರಿಗಳೇ ಹೊರತು ಕಾನೂನಿನ ಪುಸ್ತಕದಲ್ಲಿ ಪದವನ್ನು ಅಳಿಸಿದ ಲೇಖನಿಯಲ್ಲ.

ಇವೆಲ್ಲ ಹಳೆಯ ಮಾತು ಎನ್ನುವವರು 2023ರ ಕರ್ನಾಟಕವನ್ನು ನೆನೆಯಬಹುದು. ಆ ವರ್ಷ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ರಾಜ್ಯ ಸರ್ಕಾರ ಘೋಷಿಸಿತು. ಅವುಗಳಲ್ಲಿ 196 ತಾಲ್ಲೂಕುಗಳು ‘ತೀವ್ರ’ ಬರಪೀಡಿತ, ಉಳಿದವು ‘ಸಾಧಾರಣ’. ಕೇಂದ್ರವು 2016ರಲ್ಲಿ ಹೊರಡಿಸಿದ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ರಾಷ್ಟ್ರೀಯ ವಿಪತ್ತು ನಿಧಿಯ ನೆರವು ‘ತೀವ್ರ’ ಎಂಬ ವಿಶೇಷಣವನ್ನು ಅವಲಂಬಿಸಿದೆ. ಹೊಲದಲ್ಲಿ ಒಣಗಿ ನಿಂತ ರಾಗಿಯ ಪೈರಿಗೆ ಈ ಎರಡು ವಿಶೇಷಣಗಳ ಭೇದ ತಿಳಿಯದು. ಆದರೆ ಆ ಹೊಲದ ಯಜಮಾನನಿಗೆ ಅದು ತಿಳಿಯಲೇಬೇಕಾಗುತ್ತದೆ.

ಹಣಕಾಸಿನ ವಿಷಯಕ್ಕೆ ಬಂದರೆ ಪದಗಳ ಗೊಂದಲ ಇನ್ನೂ ಹೆಚ್ಚು. ‘ಸಾಲ ಮನ್ನಾ’ ಎಂಬ ಎರಡು ಪದಗಳಲ್ಲಿ ನಾವು ಎಷ್ಟು ಭಿನ್ನ ಸಂಗತಿಗಳನ್ನು ತುಂಬುತ್ತೇವೆ ನೋಡಿ. 2008ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕೃಷಿ ಸಾಲದ ಯೋಜನೆಯ ಹೆಸರಿನಲ್ಲೇ ಎರಡು ಪದಗಳಿದ್ದವು: ಮನ್ನಾ ಮತ್ತು ಪರಿಹಾರ. ಐದು ಎಕರೆವರೆಗಿನ ಸಣ್ಣ ಮತ್ತು ಅತಿಸಣ್ಣ ರೈತರ ಅರ್ಹ ಬಾಕಿ ಮನ್ನಾ ಆಯಿತು. ಉಳಿದವರು ಸಾಮಾನ್ಯವಾಗಿ ಬಾಕಿಯ ಶೇ 75ರಷ್ಟನ್ನು ಕಟ್ಟಿದರೆ ಶೇ 25ರಷ್ಟು ರಿಯಾಯಿತಿ ಪಡೆಯಬೇಕಿತ್ತು. ಊರಿನ ಕಟ್ಟೆಯ ಮೇಲೆ ಮಾತ್ರ ಉಳಿದದ್ದು ‘ಮನ್ನಾ’ ಒಂದೇ. ಆರು ಎಕರೆಯವನು ತನ್ನ ಸಾಲವೂ ತೀರಿತೆಂದೇ ಭಾವಿಸಿ ಬ್ಯಾಂಕಿನ ಮೆಟ್ಟಿಲು ಹತ್ತಿ ಪೆಚ್ಚಾಗಿ ಇಳಿದ. ಹಾಗೆಯೇ, ದೊಡ್ಡ ಉದ್ಯಮಗಳ ವಸೂಲಾಗದ ಸಾಲವನ್ನು ಬ್ಯಾಂಕುಗಳು ತಮ್ಮ ಲೆಕ್ಕದ ಪುಸ್ತಕದಿಂದ ತೆಗೆದಿಟ್ಟಾಗಲೂ ನಾವು ‘ಮನ್ನಾ’ ಎಂದೇ ಬರೆಯುತ್ತೇವೆ. ಲೆಕ್ಕದಿಂದ ತೆಗೆದರೆ ಸಾಲಗಾರನ ಹೊಣೆ ತೀರುವುದಿಲ್ಲ, ವಸೂಲಿಯ ಹಕ್ಕು ಉಳಿದೇ ಇರುತ್ತದೆ. ಮನ್ನಾ ಮಾಡಿದರೆ ಹೊಣೆಯೇ ಮುಗಿಯುತ್ತದೆ. ಲೆಕ್ಕದಿಂದ ತೆಗೆದದ್ದರಲ್ಲಿ ಎಷ್ಟು ವಸೂಲಾಯಿತು ಎಂದು ಪ್ರಶ್ನಿಸಬೇಕಾದ ನಾಗರಿಕ, ಎಲ್ಲವೂ ಮುಗಿದೇ ಹೋಯಿತೆಂದು ಬೈದು ಸುಮ್ಮನಾಗುತ್ತಾನೆ. ತಪ್ಪು ಪದ ನಮ್ಮ ಕೋಪವನ್ನು ಕೂಡ ತಪ್ಪು ವಿಳಾಸಕ್ಕೆ ಕಳುಹಿಸುತ್ತದೆ.

ಹಣದುಬ್ಬರದ ಕಥೆಯೂ ಇದೇ. ಹಣದುಬ್ಬರ ಶೇ 6ರಿಂದ ಶೇ 4ಕ್ಕೆ ಇಳಿದರೆ ‘ಬೆಲೆ ಇಳಿಕೆ’ ಎಂದು ಯಾರಾದರೂ ಬರೆದರೆ ಗೃಹಿಣಿ ಆ ಬರಹಗಾರನನ್ನು ಸುಳ್ಳನೆಂದೇ ಕರೆಯುತ್ತಾಳೆ, ಮತ್ತು ಅವಳೇ ಸರಿ. ಬೆಲೆ ಇಳಿದಿಲ್ಲ, ಏರುವ ವೇಗ ಇಳಿದಿದೆ. ಬೆಲೆ, ದರ, ಮೌಲ್ಯ, ವೆಚ್ಚ, ಕ್ರಯ ಇವೆಲ್ಲ ಒಂದೇ ಮನೆಯ ಮಕ್ಕಳು ನಿಜ. ಆದರೆ ಒಬ್ಬರ ಹೆಸರಿಗೆ ಇನ್ನೊಬ್ಬರು ಓಗೊಡಲಾರರು.

ಕನ್ನಡದ ಮಟ್ಟಿಗೆ ಒಂದು ಸುಯೋಗವಿದೆ. ನಮ್ಮ ಆಡಳಿತದ ಭಾಷೆಯಲ್ಲಿ ಸಂಸ್ಕೃತ, ಅಚ್ಚಗನ್ನಡ, ಪಾರಸಿ, ಅರಬ್ಬಿ, ಮರಾಠಿ, ಇಂಗ್ಲಿಷ್ ಎಲ್ಲವೂ ಪದರ ಪದರವಾಗಿ ಕೂಡಿವೆ. ಇದನ್ನು ಬೆರಕೆಯೆಂದು ಹಳಿಯುವವರಿದ್ದಾರೆ. ಇದು ಶ್ರೀಮಂತಿಕೆಯೆಂಬುದು ನನ್ನ ಭಾವನೆ. ಒಬ್ಬ ಪ್ರಜೆ ಸರ್ಕಾರದ ಮುಂದೆ ನಿಂತು ಮಾತನಾಡುವ ಬಗೆಗಳಿಗೆ ನಮ್ಮಲ್ಲಿ ಎಷ್ಟು ಪದಗಳಿವೆ! ಏನನ್ನಾದರೂ ನಿಯಮದಂತೆ ಕೇಳಿದರೆ ಅರ್ಜಿ. ವಿನಯದಿಂದ ಗಮನ ಸೆಳೆದರೆ ಮನವಿ. ಒಬ್ಬರ ಮೇಲೆ ತಪ್ಪು ಹೊರಿಸಿದರೆ ದೂರು. ಅದನ್ನೇ ಠಾಣೆಗೋ ನ್ಯಾಯಾಲಯಕ್ಕೋ ಒಯ್ದರೆ ಫಿರ್ಯಾದು. ಇನ್ನೊಬ್ಬರ ಕೋರಿಕೆಗೆ ಅಡ್ಡ ಬಂದರೆ ತಕರಾರು. ಕೆಳಗಿನವರ ಆದೇಶ ಒಪ್ಪಿಗೆಯಾಗದೆ ಮೇಲಿನವರಲ್ಲಿಗೆ ಹೋದರೆ ಮೇಲ್ಮನವಿ. ಯಾವುದೂ ಕಾಗದದ ಮೇಲಿಲ್ಲದೆ ಎದುರು ನಿಂತು ಕಷ್ಟ ತೋಡಿಕೊಂಡರೆ ಅಹವಾಲು. ಖಾತೆ ಬದಲಾವಣೆಗೆ ಬಂದ ತಕರಾರನ್ನು ‘ಅರ್ಜಿ’ ಎಂದು ದಾಖಲಿಸಿದ ಗುಮಾಸ್ತ, ತನಗರಿವಿಲ್ಲದೆ, ವಿಚಾರಣೆ ನಡೆಯಬೇಕಾದ ಕಡತವನ್ನು ಮಾಮೂಲು ವಿಲೇವಾರಿಯ ಕಟ್ಟಿಗೆ ಸೇರಿಸಿಬಿಡುತ್ತಾನೆ.

ನಿಘಂಟಿನ ವಿಷಯದಲ್ಲಿ ಕನ್ನಡ ಬಡವಾಗಿಲ್ಲ. ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು ಯಾವ ಭಾಷೆಯಾದರೂ ಹೆಮ್ಮೆಪಡುವಂಥ ಕೆಲಸ. ಅದರ ಸಂಪಾದಕರಾಗಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದ ಮೂಲಕ ಒಂದೊಂದು ಪದದ ಸೂಕ್ಷ್ಮವನ್ನೂ ಸಾಮಾನ್ಯ ಓದುಗರಿಗೆ ತಿಳಿಹೇಳಿದರು. ಆದರೆ ಇವೆಲ್ಲ ಪದ ಗೊತ್ತಿದ್ದು ಅರ್ಥ ಬೇಕಾದವರಿಗೆ. ಅರ್ಥ ಮನಸ್ಸಿನಲ್ಲಿದ್ದು ಪದ ಸಿಗದೆ ತಡವರಿಸುವವನಿಗೆ, ಅದೂ ಜೇಬಿನಲ್ಲಿ ಹಿಡಿಯುವ, ಪದಪದಗಳ ನಡುವಿನ ಅಂತರವನ್ನು ಒಂದು ಸಾಲಿನಲ್ಲಿ ಹೇಳುವ ಪುಸ್ತಕವನ್ನು ನನ್ನ ಸೇವಾವಧಿಯಲ್ಲಿ ಯಾವ ಕಚೇರಿಯ ಮೇಜಿನ ಮೇಲೂ ನಾನು ಕಾಣಲಿಲ್ಲ. ಮೇಜಿನ ಮೇಲೆ ಇರುತ್ತಿದ್ದದ್ದು ಇಂಗ್ಲಿಷ್ ಪದಕ್ಕೆ ಕನ್ನಡ ಪದವನ್ನು ಸೂಚಿಸುವ ಆಡಳಿತ ಪದಕೋಶ. ಅದು ಬೇಕು. ಆದರೆ ಅದರ ಕೆಲಸ ಬೇರೆ. ಹಿಂದಿಯಲ್ಲಿ ಅರವಿಂದ ಕುಮಾರ್ ಅವರು ಬೊಂಬಾಯಿಯ ಪತ್ರಿಕಾ ಸಂಪಾದಕತ್ವವನ್ನು ಬಿಟ್ಟು, ಪತ್ನಿ ಕುಸುಮ್ ಕುಮಾರ್ ಅವರೊಂದಿಗೆ ವರ್ಷಾನುಗಟ್ಟಲೆ ಮನೆಯಲ್ಲೇ ಕುಳಿತು ‘ಸಮಾಂತರ್ ಕೋಶ್’ ಸಿದ್ಧಪಡಿಸಿದರು. ನ್ಯಾಷನಲ್ ಬುಕ್ ಟ್ರಸ್ಟ್ ಅದನ್ನು 1996ರಲ್ಲಿ ಪ್ರಕಟಿಸಿತು. ಇಬ್ಬರು ಸೇರಿ ಮಾಡಿದ ಕೆಲಸ ಒಂದು ರಾಜ್ಯದ ವಿದ್ವತ್ ಸಂಸ್ಥೆಗಳಿಗೆ ಅಸಾಧ್ಯವಾಗಲಾರದು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಈಗ ಗಣಕದಲ್ಲೋ ಮೊಬೈಲಿನಲ್ಲೋ ಬೆರಳೊತ್ತಿದರೆ ಇಪ್ಪತ್ತು ಪರ್ಯಾಯ ಪದಗಳು ಬಂದು ಬೀಳುತ್ತವೆ, ಇಡೀ ಪತ್ರವನ್ನೇ ಯಂತ್ರ ಬರೆದುಕೊಡುತ್ತದೆ, ಹೀಗಿರುವಾಗ ಜೇಬಿನ ಪುಸ್ತಕವೇಕೆ? ಈ ಸೌಲಭ್ಯವನ್ನು ನಾನೂ ಬಳಸುತ್ತೇನೆ. ಆದರೆ ನನ್ನ ಹನ್ನೊಂದು ಮನೆಗಳ ಪ್ರಸಂಗದಲ್ಲಿ ಪದಗಳ ಕೊರತೆಯಿಂದ ತಪ್ಪಾಗಲಿಲ್ಲ ಎಂಬುದನ್ನು ನೆನಪಿಡಬೇಕು. ಪದಗಳು ಬೇಕಾದಷ್ಟಿದ್ದವು. ಕುಸಿದ ಗೋಡೆಯನ್ನು ನಾನು ಕಣ್ಣಾರೆ ನೋಡಿರಲಿಲ್ಲ. ಮೊಬೈಲೂ ಅದನ್ನು ನೋಡಿಲ್ಲ. ಹತ್ತು ಪದಗಳಲ್ಲಿ ಯಾವುದು ಆ ಗೋಡೆಗೆ ಸಲ್ಲುತ್ತದೆ ಎಂದು ಹೇಳಬಲ್ಲವನು ಗೋಡೆಯ ಮುಂದೆ ನಿಂತವನು ಮಾತ್ರ.

ಇನ್ನೊಂದು ಆಕ್ಷೇಪ, ಥೆಸಾರಸ್ ಜನರನ್ನು ಆಡಂಬರದ ಭಾಷೆಗೆ ಒಯ್ಯುತ್ತದೆ ಎಂಬುದು. ನಾನೇ ಅದಕ್ಕೆ ಸಾಕ್ಷಿಯಾಗಿರುವಾಗ ಅಲ್ಲಗಳೆಯುವುದು ಹೇಗೆ? ಆದರೆ ಅದೇ ಪುಸ್ತಕ ಆಡಂಬರದಿಂದ ಹಿಂದಕ್ಕೂ ಕರೆತರಬಲ್ಲದು. ಮುಂದಿನ ವರ್ಷಗಳಲ್ಲಿ ನಾನು ಅದನ್ನು ಬಳಸಿದ್ದು ಬಹುಪಾಲು ಹಾಗೆಯೇ. ‘ವಿಷಯವು ಪರಿಶೀಲನೆಯಲ್ಲಿದೆ’ ಎಂಬ ಕರಡು ಸಹಿಗೆ ಬಂದಾಗ ‘ಪರಿಶೀಲನೆ’ಯ ಅಕ್ಕಪಕ್ಕದ ಪದಗಳನ್ನು ಮನಸ್ಸಿನಲ್ಲೇ ಸಾಲಾಗಿ ಇಟ್ಟುಕೊಳ್ಳುತ್ತಿದ್ದೆ. ಕಾಗದ ಬಂದು ತಲುಪಿದೆಯೇ, ಯಾರಾದರೂ ಓದಿದ್ದಾರೆಯೇ, ಸ್ಥಳ ತಪಾಸಣೆ ಆಗಿದೆಯೇ, ಅಭಿಪ್ರಾಯ ಕೇಳಲಾಗಿದೆಯೇ, ತೀರ್ಮಾನಕ್ಕೆ ಮಂಡಿಸಲಾಗಿದೆಯೇ? ಹತ್ತರಲ್ಲಿ ಏಳು ಬಾರಿ ಕಾಗದ ಬಂದು ತಲುಪಿದ್ದಷ್ಟೇ ಸತ್ಯವಾಗಿರುತ್ತಿತ್ತು. ಹಾಗಿದ್ದಾಗ ‘ನಿಮ್ಮ ಪತ್ರ ತಲುಪಿದೆ, ಇನ್ನೂ ನೋಡಿಲ್ಲ’ ಎಂದು ಬರೆಯಲು ನಾಚಿಕೆಯಾಗುತ್ತಿತ್ತು. ಆ ನಾಚಿಕೆಗಾಗಿಯೇ ಕಡತವನ್ನು ಅಂದೇ ನೋಡಿಬಿಡುತ್ತಿದ್ದೆವು. ಸರಿಯಾದ ಪದವನ್ನು ಹುಡುಕಿದ್ದರಿಂದ ಬಾಕಿ ಕೆಲಸ ಮುಗಿದ ಸಂದರ್ಭಗಳನ್ನು ನಾನು ಕಂಡಿದ್ದೇನೆ.

ಆದ್ದರಿಂದ ನನ್ನ ಸಲಹೆಗಳು ಮೂರು. ಮೊದಲನೆಯದು, ಶಾಲೆಗಳಲ್ಲಿ ‘ಸಮಾನಾರ್ಥಕ ಪದ ಬರೆಯಿರಿ’ ಎಂಬ ಪ್ರಶ್ನೆಯ ಜೊತೆಗೆ ‘ಈ ಎರಡು ಪದಗಳ ವ್ಯತ್ಯಾಸವನ್ನು ಒಂದೊಂದು ವಾಕ್ಯದಲ್ಲಿ ತೋರಿಸಿ’ ಎಂಬ ಪ್ರಶ್ನೆಯನ್ನೂ ಕೇಳಬೇಕು. ಬಡವನಿಗೂ ದರಿದ್ರನಿಗೂ, ಸಹಾಯಕ್ಕೂ ಭಿಕ್ಷೆಗೂ, ಹಕ್ಕಿಗೂ ಸೌಲಭ್ಯಕ್ಕೂ ಇರುವ ಅಂತರ ಹತ್ತು ವರ್ಷದ ಮಗುವಿಗೂ ತಿಳಿಯುತ್ತದೆ, ನಾವು ಕೇಳಬೇಕಷ್ಟೆ. ಎರಡನೆಯದು, ಸರ್ಕಾರಿ ನೌಕರರ ತರಬೇತಿಯಲ್ಲಿ ಒಂದು ದಿನವನ್ನು ಇದಕ್ಕಾಗಿಯೇ ಮೀಸಲಿಡಬೇಕು. ಕಂದಾಯ, ಪೊಲೀಸ್, ಆರೋಗ್ಯ, ಕೃಷಿ ಇಲಾಖೆಗಳಲ್ಲಿ ಯಾವ ಪದ ಬದಲಾದರೆ ಯಾರ ಪಾಲು ಬದಲಾಗುತ್ತದೆ ಎಂಬುದನ್ನು ನಿಜವಾದ ಕಡತಗಳಿಂದಲೇ ತೋರಿಸಬಹುದು. ಮೂರನೆಯದು, ನೂರಿನ್ನೂರು ಪದಗುಚ್ಛಗಳ ಒಂದು ‘ಕಚೇರಿಯವರ ಕೈಪಿಡಿ’ ಸಿದ್ಧವಾಗಬೇಕು. ಅದನ್ನು ವಿದ್ವಾಂಸರು ಮಾತ್ರ ಕುಳಿತು ಬರೆಯಬಾರದು. ಗ್ರಾಮ ಮಟ್ಟದ ನೌಕರರೂ, ಸರ್ಕಾರದ ಪತ್ರಗಳನ್ನು ಪಡೆದು ಅರ್ಥವಾಗದೆ ಇನ್ನೊಬ್ಬರಿಂದ ಓದಿಸಿಕೊಳ್ಳುವ ಜನರೂ ಅದರ ಕರಡನ್ನು ನೋಡಿರಬೇಕು.

ಅಷ್ಟಾಗಿಯೂ ಒಂದು ಮಾತು ಉಳಿಯುತ್ತದೆ. ಎಂಥ ಕೈಪಿಡಿ ಬಂದರೂ ಕೆಲವೊಮ್ಮೆ ಹುಡುಕಾಟವನ್ನು ಆರಂಭಿಸುವ ಅಗತ್ಯವೇ ಇರುವುದಿಲ್ಲ. ಸರಿಯಾದ ಪದ ಮೊದಲೇ ನಮ್ಮ ಮು೦ದೆ, ಬಾಧೆಗೊಳಗಾದವರ ಬಾಯಲ್ಲೇ, ಇರುತ್ತದೆ. ಅದು ಆರು ಬಾರಿ ಬಂದರೆ ಆರು ಬಾರಿಯೂ ಬರೆಯಬೇಕು, ಏಕೆಂದರೆ ಆರು ಮನೆಗಳು ಬಿದ್ದಿರುತ್ತವೆ. ನನ್ನ ಕಿರು ಥೆಸಾರಸಿನಲ್ಲಿ ಆ ದುಬಾರಿ ಪದವಿರುವ ಪುಟದ ಅಂಚಿನಲ್ಲಿ ನಾನು ಪೆನ್ಸಿಲಿನಿಂದ ಎರಡು ಕನ್ನಡ ಪದಗಳನ್ನು ಬರೆದಿಟ್ಟಿದ್ದೇನೆ. ಬಣ್ಣ ಮಾಸಿದ್ದರೂ ಇನ್ನೂ ಓದಬಹುದು: ಗ್ವಾಡಿ ಬಿದ್ದೈತಿ.